ಕಿಲುಬಿನ ಕೆಳಗಿದ್ದ ಕಾನ್‌ಸ್ಟಾಂಟಿಯಸ್

ಒಂಬತ್ತು ರೋಮನ್ ನಾಣ್ಯ. ಅಂಗೈಗೆ ಸುರಿದುಕೊಂಡಾಗ ಒಣಗಿದ ಹೆಂಟೆ ಮಣ್ಣಿನ ಚೂರುಗಳ ಹಾಗಿದ್ದವು. ಎಲ್ಲಕ್ಕಿಂತ ದೊಡ್ಡದು ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಎಲ್ಲಕ್ಕಿಂತ ಚಿಕ್ಕದು ಅಂಗಿ ಗುಂಡಿಯಷ್ಟು. ಜೊತೆಗೆ ಬಂದ ಕಾಗದದಲ್ಲಿ ಇಷ್ಟೇ ಬರೆದಿತ್ತು: ನಾಲ್ಕನೇ ಶತಮಾನ, ತಾಮ್ರದ ಮಿಶ್ರಲೋಹ, ಇಂಗ್ಲೆಂಡಿನ ಹಳೆಯ ಸಂಗ್ರಹವೊಂದರಿಂದ ಬಂದದ್ದು, ಶುಚಿ ಮಾಡಿಲ್ಲ. ಆ ಕಾಗದ ಇಲ್ಲದಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಯಾವ ಹೊಲದಿಂದ, ಯಾವ ದೇಶದಿಂದ ಕದ್ದು ತಂದದ್ದೋ ಗೊತ್ತಿಲ್ಲದ ನಾಣ್ಯವನ್ನು ಮೇಜಿನ ಮೇಲಿಟ್ಟುಕೊಂಡು ಉಜ್ಜುತ್ತಾ ಕೂರುವುದು ನನ್ನ ಕೈಲಾಗದು.

ನಾನಿರುವುದು ಯಾರ್ಕ್‌ನಲ್ಲಿ, ರೋಮನ್ನರು ಎಬೊರಾಕಮ್ ಎನ್ನುತ್ತಿದ್ದ ಊರಲ್ಲಿ. 306ರಲ್ಲಿ ಚಕ್ರವರ್ತಿ ಮೊದಲನೇ ಕಾನ್‌ಸ್ಟಾಂಟಿಯಸ್ ತೀರಿಕೊಂಡದ್ದು ಇಲ್ಲೇ. ಸೈನಿಕರು ಅವನ ಮಗ ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಎಂದು ಸಾರಿದ್ದೂ ಇಲ್ಲೇ. ಮಿನ್‌ಸ್ಟರ್ ಚರ್ಚಿನ ಪಕ್ಕ ಕೂತಿರುವ ಅವನ ಕಂಚಿನ ಪ್ರತಿಮೆಯನ್ನು ದಾಟಿಕೊಂಡೇ ನಾನು ದಿನಾ ಕೆಲಸಕ್ಕೆ ಹೋಗುವುದು. ಆದರೆ ನನಗೆ ಹಿಡಿದಿರುವ ಹುಚ್ಚು ಮೊಮ್ಮಗನದು. ಎರಡನೇ ಕಾನ್‌ಸ್ಟಾಂಟಿಯಸ್, 337ರಿಂದ 361ರವರೆಗೆ ಆಳಿದವನು. ಅಪ್ಪನ ಹಾಗೆ ಹೆಸರಾದವನಲ್ಲ. ಆದರೂ ಅವನ ಹೆಸರು ಹೊತ್ತ ಪುಡಿ ನಾಣ್ಯಗಳು ಈ ನಾಡಿನ ಮಣ್ಣಲ್ಲಿ ಹೇರಳವಾಗಿ ಸಿಗುತ್ತವೆ. ಈ ಒಂಬತ್ತರಲ್ಲಿ ಒಂದಾದರೂ ಅವನದಿರುತ್ತದೆ ಎಂದು ಸೆಪ್ಟೆಂಬರ್ ಎರಡನೇ ವಾರ ಕೆಲಸ ಶುರು ಮಾಡಿದೆ. ಮಾರ್ಚ್ ಮುಗಿಯುವ ಹೊತ್ತಿಗೆ ಏಳು ಮುಗಿದವು. ಅದರ ದಿನಚರಿ ಇದು.

ಮೊದಲು ಹುಣಸೆಹಣ್ಣಿನ ವಿಷಯ ಹೇಳಿಬಿಡುತ್ತೇನೆ. ತಾಮ್ರ ಕಿಲುಬಿತು ಅಂದರೆ ನಮ್ಮ ಮನೆಗಳಲ್ಲಿ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಅಮ್ಮ ಹಂಡೆ, ಪಂಚಪಾತ್ರೆ, ಉದ್ಧರಣೆ ಎಲ್ಲವನ್ನೂ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ, ನನ್ನ ಮೊಟ್ಟಮೊದಲ ರೋಮನ್ ನಾಣ್ಯಕ್ಕೆ ನಾನೂ ಅದನ್ನೇ ಮಾಡಿದೆ. ಹತ್ತು ನಿಮಿಷದಲ್ಲಿ ಹಸಿರು ಹೋಯಿತು. ಜೊತೆಗೆ ಮುಖವೂ ಹೋಯಿತು. ಉಳಿದದ್ದು ಗುಳಿ ಬಿದ್ದ ಕೆಂಪು ತಾಮ್ರದ ಬಿಲ್ಲೆ. ಅದು ಯಾರ ನಾಣ್ಯವಾಗಿತ್ತು ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇವತ್ತಿಗೂ ಅದನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟಿದ್ದೇನೆ.

ಹಾಗೇಕಾಯಿತು ಎಂದು ತಿಳಿದುಕೊಂಡ ಮೇಲೆಯೇ ನನಗೆ ಈ ಕೆಲಸ ಅರ್ಥವಾದದ್ದು. ಹಂಡೆಯ ಕಿಲುಬು ನೆನ್ನೆ ಮೊನ್ನೆಯದು, ಅದರ ಕೆಳಗೆ ಗಟ್ಟಿ ಲೋಹ ಹಾಗೇ ಇರುತ್ತದೆ. ಸಾವಿರದ ಆರುನೂರು ವರ್ಷ ಮಣ್ಣಲ್ಲಿದ್ದ ನಾಣ್ಯದ ಕಥೆ ಬೇರೆ. ಮೇಲಿನ ಲೋಹವೇ ನಿಧಾನವಾಗಿ ಖನಿಜವಾಗಿ ಬದಲಾಗಿರುತ್ತದೆ. ಹೊರಗೆ ಮಣ್ಣು, ಮರಳು, ಮ್ಯಾಲಕೈಟ್ ಎಂಬ ತಾಮ್ರದ ಹಸಿರು ಖನಿಜ ಸೇರಿ ಗಂಟುಗಟ್ಟಿದ ತೊಗಟೆ. ಅದರಡಿ ನುಣುಪಾದ, ಸಾಂದ್ರವಾದ ಹಸಿರು ಅಥವಾ ಕಂದು ಪದರ. ಅದಕ್ಕೂ ಕೆಳಗೆ ಕೆಂಪು ಕ್ಯುಪ್ರೈಟ್, ಅಂದರೆ ತಾಮ್ರದ ಆಕ್ಸೈಡ್. ಆಮೇಲೆ ಲೋಹ. ಚಕ್ರವರ್ತಿಯ ಮೂಗು, ಕಣ್ಣು, ಅಕ್ಷರದ ಗೆರೆ ಇವೆಲ್ಲ ಉಳಿದಿರುವುದು ಆ ನಡುವಿನ ನುಣುಪು ಪದರದಲ್ಲಿ, ಲೋಹದಲ್ಲಲ್ಲ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲಕ್ಕೆ ತೊಗಟೆ ಯಾವುದು, ಮುಖ ಯಾವುದು ಎಂಬ ಭೇದವಿಲ್ಲ. ಎರಡನ್ನೂ ಕರಗಿಸುತ್ತದೆ. ನಿಂಬೆರಸವೂ ಅಷ್ಟೆ, ವಿನೆಗರ್ ಕೂಡ ಅಷ್ಟೆ. ಬ್ಯಾಟರಿ ತಂತಿ ಸಿಕ್ಕಿಸಿ ಮಾಡುವ ಎಲೆಕ್ಟ್ರಾಲಿಸಿಸ್‌ನ ಫಲವೂ ಸಾಮಾನ್ಯವಾಗಿ ಇದೇ. ಹಾಗಾಗಿ ಈ ಸಲ ನೀರು, ಕಡ್ಡಿ, ಸೂಜಿ, ಸೂಕ್ಷ್ಮದರ್ಶಕ ಮಾತ್ರ.

ಮೊದಲ ದಿನ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಎರಡೂ ಬದಿಯ ಫೋಟೋ ತೆಗೆದು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದೆ. ಆಮೇಲೆ ಒಂಬತ್ತು ಗಾಜಿನ ಚಿಕ್ಕ ಬಾಟಲಿಗಳಿಗೆ ಡಿಸ್ಟಿಲ್ಡ್ ವಾಟರ್ ತುಂಬಿ ಒಂದೊಂದರಲ್ಲಿ ಒಂದೊಂದು ಹಾಕಿದೆ. ಒಂದೇ ಡಬ್ಬಿಗೆ ಎಲ್ಲವನ್ನೂ ಹಾಕಬಾರದು. ರೋಗ ಹಿಡಿದ ಒಂದು ನಾಣ್ಯದ ಉಪ್ಪು ಎಲ್ಲಕ್ಕೂ ತಗಲುತ್ತದೆ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರೈಡ್ ಇರುತ್ತದೆ. ನಾವು ತೆಗೆಯಲು ಹೊರಟಿರುವುದೇ ನಾಣ್ಯವನ್ನು ತಿನ್ನುವ ಆ ಕ್ಲೋರೈಡನ್ನು.

ಮೂರು ದಿನಕ್ಕೊಮ್ಮೆ ನೀರು ಬದಲಾಯಿಸುವುದು, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಒಮ್ಮೆ ಸವರುವುದು, ಹೊಸ ನೀರಿಗೆ ಹಾಕುವುದು. ಮನೆಯಲ್ಲಿ ಕುಡಿಯುವ ನೀರು ಪರೀಕ್ಷಿಸಲು ತಂದಿಟ್ಟ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಇಲ್ಲಿ ತುಂಬ ಉಪಯೋಗಕ್ಕೆ ಬಂತು. ಮೊದಲ ಸಲ ಬದಲಾಯಿಸುವಾಗ ನಾಲ್ಕನೇ ಬಾಟಲಿಯ ನೀರು 61 ತೋರಿಸಿತು. ನಾಲ್ಕು ವಾರದ ಮೇಲೆ 9. ಆರನೇ ವಾರ 3. ಅಂದರೆ ಕರಗುವ ಉಪ್ಪು ಬಹುಮಟ್ಟಿಗೆ ಹೊರಬಂದಿದೆ ಎಂದರ್ಥ. ಏಳನೇ ಬಾಟಲಿ ಮಾತ್ರ ಎಂಟನೇ ವಾರಕ್ಕೂ 14ರಿಂದ ಕೆಳಗಿಳಿಯಲಿಲ್ಲ. ಆಗಲೇ ಅನುಮಾನ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮತ್ತು ಎರಡನೇ ನಾಣ್ಯದಲ್ಲಿ ಏನೂ ಇರಲಿಲ್ಲ. ತೊಗಟೆ ಎದ್ದು ಬಂದಾಗ ಕೆಳಗೆ ಬರೀ ಸವೆದ ಬಿಲ್ಲೆ. ಐದು ಮತ್ತು ಆರರಲ್ಲಿ ತಲೆಯ ಆಕಾರ ಇದೆ, ಅಕ್ಷರವಿಲ್ಲ.

ಮೂರನೆಯದು ಅಕ್ಟೋಬರ್ ಕೊನೆಯ ಶನಿವಾರ ಬಾಯಿಬಿಟ್ಟಿತು. ಹೆಚ್ಚೇನೂ ಮಾಡಿರಲಿಲ್ಲ. ನೀರಿನಿಂದ ತೆಗೆದು, ಒಂದು ಹನಿ ಆಲ್ಕೋಹಾಲ್ ಬಿಟ್ಟು, ಬಿದಿರು ಕಡ್ಡಿಯ ತುದಿ ಚೂಪು ಮಾಡಿ ಒತ್ತಿದೆ. ಮಣ್ಣು ಪುಡಿಯಾಗಿ ಸರಿಯುತ್ತಾ ಹೋಯಿತು. ಇಬ್ಬರು ಸೈನಿಕರು ಎದುರುಬದುರು ನಿಂತಿದ್ದಾರೆ, ನಡುವೆ ಎರಡು ಧ್ವಜಗಳು, ಸುತ್ತ ‘ಗ್ಲೋರಿಯಾ ಎಕ್ಸೆರ್ಸಿಟಸ್’, ಸೈನ್ಯದ ಕೀರ್ತಿ. ಇನ್ನೊಂದು ಬದಿಯಲ್ಲಿ ಎಲೆಹಾರ ತೊಟ್ಟ ಹುಡುಗನ ತಲೆ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ: ‘ಎಫ್ ಎಲ್ ಐ ವಿ ಎಲ್’, ಆಮೇಲೆ ಕಾನ್‌ಸ್ಟಾಂಟಿಯಸ್, ಆಮೇಲೆ ‘ನೋಬ್ ಸಿ’. ಫ್ಲಾವಿಯಸ್ ಜೂಲಿಯಸ್ ಕಾನ್‌ಸ್ಟಾಂಟಿಯಸ್, ಘನತೆವೆತ್ತ ಸೀಸರ್, ಅಂದರೆ ಕಿರಿಯ ಚಕ್ರವರ್ತಿ. ಕೆಳಗೆ ಇವತ್ತಿನ ಜರ್ಮನಿಯ ಟ್ರಿಯರ್ ಟಂಕಸಾಲೆಯ ಗುರುತು. ಎರಡು ಧ್ವಜಗಳ ಈ ಮಾದರಿ 330ರಿಂದ 335ರವರೆಗಿನದು, ಆಮೇಲೆ ನಾಣ್ಯ ಸಣ್ಣದಾದಾಗ ಒಂದೇ ಧ್ವಜ ಉಳಿಯಿತು. ಅವನು ಹುಟ್ಟಿದ್ದು 317ರಲ್ಲಿ. ಏಳು ವರ್ಷದ ಮಗುವಾಗಿದ್ದಾಗ, 324ರಲ್ಲಿ, ಅಪ್ಪ ಸೀಸರ್ ಪಟ್ಟ ಕಟ್ಟಿದ್ದ. ಈ ನಾಣ್ಯ ಅಚ್ಚಾದಾಗ ಇನ್ನೂ ಹದಿಹರೆಯ. ಬಾಯಲ್ಲಿ ಮಾತೇ ಹೊರಡಲಿಲ್ಲ ನನಗೆ. ಹುಡುಕುತ್ತಿದ್ದವನು ಸಿಕ್ಕಿದ್ದ, ಅದೂ ಮೀಸೆ ಮೂಡುವ ವಯಸ್ಸಿನಲ್ಲಿ.

ನವೆಂಬರ್ ಪೂರ್ತಿ ನಾಲ್ಕನೆಯದಕ್ಕೆ ಹೋಯಿತು. 17 ಮಿಲಿಮೀಟರ್ ಅಗಲ, 2.31 ಗ್ರಾಂ. ಇದರ ತೊಗಟೆ ಕಲ್ಲಿನಷ್ಟು ಗಟ್ಟಿ, ಬಿದಿರು ಕಡ್ಡಿಗೆ ಜಪ್ಪಯ್ಯ ಅನ್ನಲಿಲ್ಲ. ಸ್ಟೀರಿಯೋ ಸೂಕ್ಷ್ಮದರ್ಶಕವನ್ನು 20 ಪಟ್ಟು ದೊಡ್ಡದಾಗಿ ಕಾಣುವ ಹಾಗೆ ಇಟ್ಟು, ಪಿನ್ ವೈಸ್ ಎಂಬ ಪುಟ್ಟ ಹಿಡಿಗೆ ಹೊಲಿಗೆ ಸೂಜಿ ಸಿಕ್ಕಿಸಿಕೊಂಡು ಕೂತೆ. ಇಲ್ಲಿ ಕೆರೆಯುವುದಲ್ಲ ಕೆಲಸ. ಕೆರೆದರೆ ಗೆರೆ ಬೀಳುತ್ತದೆ. ಸೂಜಿಯ ತುದಿಯನ್ನು ತೊಗಟೆಯ ಮೇಲೆ ನೇರ ಊರಿ, ಉಸಿರು ಬಿಗಿಹಿಡಿದು, ಸ್ವಲ್ಪವೇ ಒತ್ತಬೇಕು. ಸರಿಯಾದ ಜಾಗ ಸಿಕ್ಕರೆ ಎಳ್ಳು ಕಾಳಷ್ಟು ಚೂರು ‘ಟಿಕ್’ ಎಂದು ಹಾರುತ್ತದೆ. ಅದರಡಿ ಗಾಜಿನ ಹಾಗೆ ಹೊಳೆಯುವ ಕಡು ಹಸಿರು ನೆಲ ಕಾಣುತ್ತದೆ. ಆ ಹೊಳಪು ಕಂಡ ಕೂಡಲೇ ನಿಲ್ಲಿಸಬೇಕು, ಅದೇ ನಾಣ್ಯದ ನಿಜವಾದ ಮೈ. ಕೆಂಪು ಕಂಡಿತೋ, ಆಳಕ್ಕೆ ಹೋದೆವೆಂದು ತಿಳಿಯಬೇಕು. ಬಣ್ಣ ನೋಡಿ ನಿಲ್ಲುವುದು ಕಲಿಯಲು ನನಗೆ ಒಂದಿಡೀ ನಾಣ್ಯ ಬೇಕಾಯಿತು. ಗಂಟೆಗೆ ಹೆಚ್ಚೆಂದರೆ ಅಕ್ಕಿ ಕಾಳಿನಷ್ಟು ಜಾಗ ಬಿಡಿಸಬಹುದು. ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ, ಅದಕ್ಕಿಂತ ಹೆಚ್ಚು ಕೂರುತ್ತಿರಲಿಲ್ಲ. ಕಣ್ಣು ದಣಿದಾಗ ಕೈ ತಪ್ಪುತ್ತದೆ.

ಹಾಗೂ ಒಂದು ರಾತ್ರಿ ತಪ್ಪಿತು. ಗಂಟೆ ಹನ್ನೊಂದೂವರೆ, ಗಲ್ಲದ ಹತ್ತಿರ ಇನ್ನೊಂದೇ ಚೂರು ಎಂದುಕೊಂಡೆ. ಸೂಜಿ ಜಾರಿ ಕತ್ತಿನ ಮೇಲೆ ಎರಡು ಮಿಲಿಮೀಟರ್ ಗೀರು ಬಿತ್ತು, ಕೆಂಪಗೆ. ಅದನ್ನು ಬಣ್ಣ ಹಾಕಿ ಮುಚ್ಚುವವರಿದ್ದಾರೆ. ನಾನು ಮುಚ್ಚಿಲ್ಲ. ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟೆ, ಮುಂದೆ ಈ ನಾಣ್ಯ ಯಾರ ಕೈಗಾದರೂ ಹೋದರೆ ಅದು ಹಳೆಯ ಗೀರೆಂದು ತಪ್ಪು ತಿಳಿಯಬಾರದು.

ನಾಲ್ಕನೆಯದರಲ್ಲಿ ಕಂಡದ್ದು ಇದು. ಒಂದು ಬದಿ ಮುತ್ತಿನ ಪಟ್ಟ ಕಟ್ಟಿದ ತಲೆ, ‘ಡಿ ಎನ್ ಕಾನ್‌ಸ್ಟಾಂಟಿಯಸ್ ಪಿ ಎಫ್ ಆಗ್’. ಡಿ ಎನ್ ಎಂದರೆ ಡಾಮಿನಸ್ ನಾಸ್ಟರ್, ನಮ್ಮ ಒಡೆಯ. ಪಿ ಎಫ್ ಆಗ್ ಎಂದರೆ ಪಯಸ್ ಫೆಲಿಕ್ಸ್ ಆಗಸ್ಟಸ್, ಧರ್ಮನಿಷ್ಠ, ಭಾಗ್ಯಶಾಲಿ ಚಕ್ರವರ್ತಿ. ಇನ್ನೊಂದು ಬದಿ ಪ್ರಸಿದ್ಧವಾದ ‘ಬೀಳುತ್ತಿರುವ ಸವಾರ’. ರೋಮನ್ ಸೈನಿಕ ಎಡಗೈಯಲ್ಲಿ ಗುರಾಣಿ ಹಿಡಿದು ಈಟಿಯಿಂದ ತಿವಿಯುತ್ತಿದ್ದಾನೆ. ಕುದುರೆ ಮುಂಗಾಲು ಮಡಿಸಿ ಕುಸಿದಿದೆ. ಮೇಲಿರುವ ಶತ್ರು ಹಿಂದಕ್ಕೆ ತಿರುಗಿ ಒಂದು ಕೈ ಮೇಲೆತ್ತಿದ್ದಾನೆ. ಆ ಕೈಯ ಬೆರಳುಗಳು 20 ಪಟ್ಟಿನಲ್ಲಿ ಎಣಿಸಲು ಬರುವಷ್ಟು ಸ್ಪಷ್ಟ. ಸುತ್ತ ‘ಫೆಲ್ ಟೆಂಪ್ ರೆಪರಾಶಿಯೋ’, ಸುಖದ ದಿನಗಳು ಮರಳಿ ಬಂದವು ಎಂಬ ಘೋಷಣೆ. ಎಡಗಡೆ ಖಾಲಿ ಜಾಗದಲ್ಲಿ ಒಂಟಿ ‘ಡಿ’ ಅಕ್ಷರ, ಕೆಳಗೆ ‘ಪಿ ಕಾನ್’.

ಆ ಕೊನೆಯ ಗುರುತೇ ನಾಣ್ಯದ ವಿಳಾಸ. ಪಿ ಎಂದರೆ ಪ್ರೀಮಾ, ಒಂದನೇ ಕಾರ್ಯಶಾಲೆ. ಕಾನ್ ಎಂದರೆ ಇವತ್ತಿನ ದಕ್ಷಿಣ ಫ್ರಾನ್ಸಿನ ಆರ್ಲ್ ನಗರ, ಚಕ್ರವರ್ತಿಯ ಮನೆತನದ ಹೆಸರನ್ನು ಹೊತ್ತಿದ್ದ ಊರು. ಈ ಗುರುತು ಬೀಳುತ್ತಿರುವ ಸವಾರನ ಜೊತೆ ಬರುವುದು 353ರ ನಂತರ. ಆ ವರ್ಷ ಅಕ್ಟೋಬರ್‌ನಲ್ಲಿ ಕಾನ್‌ಸ್ಟಾಂಟಿಯಸ್ ಆರ್ಲ್‌ನಲ್ಲೇ ಇದ್ದ. ಸೀಸರ್ ಆದ ದಿನದಿಂದ ಲೆಕ್ಕ ಹಾಕಿ ತನ್ನ ಆಳ್ವಿಕೆಯ ಮೂವತ್ತನೇ ವರ್ಷವನ್ನು ನಾಟಕ, ಆಟಗಳಿಂದ ಆಚರಿಸಿದ.

ಸುಖದ ದಿನಗಳು ಮರಳಿದವು ಎಂದು ನಾಣ್ಯ ಹೇಳಿತು. ತಕ್ಕಡಿ ಬೇರೆಯೇ ಹೇಳುತ್ತದೆ. ರೋಮ್ ನಗರಕ್ಕೆ 1100 ವರ್ಷ ತುಂಬಿದ 348ರ ಸುಮಾರಿಗೆ ಈ ಘೋಷಣೆಯ ನಾಣ್ಯಗಳು ಮೊದಲು ಹೊರಬಂದಾಗ ದೊಡ್ಡವು ಸುಮಾರು 5 ಗ್ರಾಂ ತೂಗುತ್ತಿದ್ದವು, ಸ್ವಲ್ಪ ಬೆಳ್ಳಿಯೂ ಬೆರೆತಿತ್ತು. ಜನ ಅವನ್ನು ಕರಗಿಸಿ ಬೆಳ್ಳಿ ಬೇರ್ಪಡಿಸತೊಡಗಿದರು. ಎಷ್ಟು ಜನವೆಂದರೆ, ಹಾಗೆ ಮಾಡಿದವರಿಗೆ ಮರಣದಂಡನೆ ಎಂದು 349ರಲ್ಲಿ ಕಾನೂನೇ ಬಂತು. ಕೆಲವೇ ವರ್ಷಗಳಲ್ಲಿ ಅದೇ ಸವಾರ, ಅದೇ ಘೋಷಣೆ ಅರ್ಧ ತೂಕಕ್ಕೆ ಇಳಿದವು. ನನ್ನ ನಾಲ್ಕನೆಯದು ಆ ಇಳಿದ ಕಾಲದ್ದು.

ಈಗ ಏಳು. ಟಿಡಿಎಸ್ ಕೆಳಗಿಳಿಯದ ಬಾಟಲಿ. ಡಿಸೆಂಬರ್ ಮೊದಲ ವಾರ ನೀರಿನಿಂದ ತೆಗೆದು ಒಣಗಿಸಿ ರೇಡಿಯೇಟರ್ ಹತ್ತಿರದ ಕಪಾಟಿನಲ್ಲಿಟ್ಟೆ. ನಾಲ್ಕನೇ ದಿನ ನೋಡಿದರೆ ಅಂಚಿನಲ್ಲಿ ಎರಡು ಕಡೆ ಗಿಳಿಹಸಿರು ಪುಡಿ, ರಂಗೋಲಿ ಹಿಟ್ಟು ಚೆಲ್ಲಿದ ಹಾಗೆ. ಕಡ್ಡಿ ತಗಲಿಸಿದರೆ ಉದುರುತ್ತಿತ್ತು. ಇದೇ ಕಂಚಿನ ರೋಗ. ಒಳಗೆ ಕ್ಯುಪ್ರಸ್ ಕ್ಲೋರೈಡ್ ಅವಿತಿರುತ್ತದೆ. ಗಾಳಿಯ ತೇವ ಮತ್ತು ಆಮ್ಲಜನಕ ತಗುಲಿದ ಕೂಡಲೇ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ. ಬಿಟ್ಟರೆ ನಾಣ್ಯ ಪೂರ್ತಿ ಪುಡಿ. ಒಳ್ಳೆಯ ಕಿಲುಬು ಗಟ್ಟಿ, ನುಣುಪು, ಮೈಗಂಟಿಕೊಂಡಿರುತ್ತದೆ. ಈ ರೋಗದ ಕಿಲುಬು ತಿಳಿ ಬಣ್ಣದ್ದು, ಪುಡಿಪುಡಿಯಾದದ್ದು, ಗುಳಿ ತೋಡುತ್ತಾ ಹೋಗುವಂಥದ್ದು. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಚಿಕಿತ್ಸೆ ಮೂರು ಹಂತ. ಮೊದಲು ಸೂಕ್ಷ್ಮದರ್ಶಕದಡಿ ಆ ಪುಡಿಯನ್ನೆಲ್ಲ ಗುಳಿಯ ಬುಡದವರೆಗೆ ಸೂಜಿಯಿಂದ ತೆಗೆದೆ. ಆಮೇಲೆ ಆಲ್ಕೋಹಾಲ್‌ನಲ್ಲಿ ಕರಗಿಸಿದ 3 ಶೇಕಡಾ ಬೆಂಜೋಟ್ರಯಜೋಲ್‌ನಲ್ಲಿ 24 ಗಂಟೆ ಮುಳುಗಿಸಿಟ್ಟೆ. ಅದು ತಾಮ್ರದ ಜೊತೆ ಸೇರಿ ತೆಳು ಪೊರೆ ಕಟ್ಟುತ್ತದೆ, ತೇವವನ್ನು ತಡೆಯುತ್ತದೆ. ವಿಷಕಾರಿ ರಾಸಾಯನಿಕ, ಹಾಗಾಗಿ ನೈಟ್ರೈಲ್ ಕೈಗವಸು ತೊಟ್ಟು, ಕಿಟಕಿ ತೆರೆದು, ಮಕ್ಕಳನ್ನು ಆ ಕೋಣೆಗೇ ಬಿಡದೆ ಮಾಡಿದೆ. ಅಡುಗೆ ಮನೆಯ ಯಾವ ಪಾತ್ರೆಯನ್ನೂ ಇದಕ್ಕೆ ಮುಟ್ಟಬೇಡಿ. ಮೂರನೇ ಹಂತ ಪರೀಕ್ಷೆ: ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು, ಅದಕ್ಕೆ ತಗಲದ ಹಾಗೆ ನಾಣ್ಯವನ್ನು ಎರಡು ದಿನ ಕೂರಿಸುವುದು. ರೋಗ ಉಳಿದಿದ್ದರೆ ಆ ತೇವಕ್ಕೆ ಮತ್ತೆ ಕಾಣಿಸಿಕೊಳ್ಳುತ್ತದೆ. ನನ್ನದರಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ ಕಾಣಿಸಿತು. ಮತ್ತೆ ಸೂಜಿ, ಮತ್ತೆ 24 ಗಂಟೆ, ಮತ್ತೆ ಡಬ್ಬಿ. ಎರಡನೇ ಸಲ ಏನೂ ಬರಲಿಲ್ಲ.

ಜನವರಿ ಮಧ್ಯದಲ್ಲಿ ಅದರ ಮುಖ ಬಿಡಿಸಲು ಕೂತೆ. ಮೊದಲು ಕಂಡದ್ದು ಹಿಂಬದಿಯ ಕುದುರೆ. ಇದೂ ಬೀಳುತ್ತಿರುವ ಸವಾರನೇ ಎಂದು ಖುಷಿಯಾಯಿತು, ನಾಲ್ಕನೆಯದರ ತಮ್ಮ ಎಂದುಕೊಂಡೆ. ಆದರೆ ಬಿಡಿಸುತ್ತಾ ಹೋದ ಹಾಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಕುದುರೆಗೆ ಹೊಟ್ಟೆಯಿಲ್ಲ, ಬಾಗಿದ ಒಂದು ಗೆರೆ, ಅದರಿಂದ ಇಳಿದ ನಾಲ್ಕು ಕಡ್ಡಿಗಳು. ಸವಾರನ ತಲೆ ಒಂದು ಚುಕ್ಕೆ. ಮೇಲೆತ್ತಿದ ಕೈ ಇದೆ, ಬೆರಳಿಲ್ಲ. ಸೈನಿಕನ ಗುರಾಣಿ ಒಂದು ಉಂಗುರ. ಅಕ್ಷರಗಳು ‘ಫೆಲ್’ ತನಕ ಸರಿಯಾಗಿವೆ, ಆಮೇಲೆ ಬರೀ ನಿಂತ ಗೀಟುಗಳು, ಅಂಗನವಾಡಿ ಮಗುವಿನ ಸ್ಲೇಟಿನ ಹಾಗೆ. ಟಂಕಸಾಲೆಯ ಗುರುತಿರಬೇಕಾದಲ್ಲಿ ಮೂರು ಗೆರೆ.

ಮುಖದ ಬದಿ ತಿರುಗಿಸಿದೆ. ‘ಡಿ ಎನ್’ ಇದೆ, ‘ಕಾನ್‌ಸ್ಟಾ’ ಇದೆ, ಅಲ್ಲಿಗೆ ಅಕ್ಷರ ಮುಗಿದು ಮತ್ತೆ ಗೀಟುಗಳು. ಮುತ್ತಿನ ಪಟ್ಟ ಆರು ಚುಕ್ಕೆ. ಕಣ್ಣು ದೊಡ್ಡದು, ದುಂಡಗೆ, ಮುಖದ ಕಾಲು ಭಾಗದಷ್ಟು. ಅಗಲ 13 ಮಿಲಿಮೀಟರ್, ತೂಕ 1.24 ಗ್ರಾಂ. ಒಂದು ಅಂಚು ದುಂಡಗಿಲ್ಲ, ಉಳಿಯಿಂದ ಕಡಿದ ಹಾಗೆ ನೇರವಾಗಿದೆ. ನಾಲ್ಕನೆಯದನ್ನು ಮುಖದಿಂದ ಹಿಂಬದಿಗೆ ತಿರುಗಿಸಿದರೆ ಚಿತ್ರ ಸರಿಯಾಗಿ ತಲೆಕೆಳಗಾಗಿ ನಿಲ್ಲುತ್ತದೆ, ಗಡಿಯಾರದ ಆರು ಗಂಟೆಯ ದಿಕ್ಕಿಗೆ. ಅಧಿಕೃತ ಟಂಕಸಾಲೆಗಳಲ್ಲಿ ಸಾಮಾನ್ಯವಾಗಿ ಮೇಲಿನ ಅಚ್ಚು, ಕೆಳಗಿನ ಅಚ್ಚು ಹೀಗೆ ಲೆಕ್ಕಕ್ಕೆ ಕೂತಿರುತ್ತವೆ. ಏಳನೆಯದು ಎರಡು ಗಂಟೆಯ ದಿಕ್ಕಿಗೆ ವಾಲಿದೆ.

ಇದು ಯಾವ ಟಂಕಸಾಲೆಯಲ್ಲೂ ಅಚ್ಚಾದದ್ದಲ್ಲ. ಆ ಕಾಲದಲ್ಲೇ ಮಾಡಿದ ನಕಲು. ಬ್ರಿಟನ್ ಮತ್ತು ಗಾಲ್ (ಹೆಚ್ಚುಕಡಿಮೆ ಇವತ್ತಿನ ಫ್ರಾನ್ಸ್) ಪ್ರಾಂತ್ಯಗಳಲ್ಲಿ 350ರ ದಶಕದ ನಡುವಿನಿಂದ ಸುಮಾರು 360ರವರೆಗೆ ಇಂಥವು ಹೇರಳವಾಗಿ ಹುಟ್ಟಿದವು. ಕೆಲವು 6–7 ಮಿಲಿಮೀಟರ್‌ಗೂ ಇಳಿದಿವೆ, ಅವುಗಳಲ್ಲಿ ಕುದುರೆಯ ಕಾಲು ಮಾತ್ರ ಹಿಡಿಸಿದೆ. ಹಳೆಯ ನಾಣ್ಯಗಳ ಮೇಲೆಯೇ ಮರು ಅಚ್ಚು ಹೊಡೆದವೂ ಇವೆ.

ಕಾರಣ ಹುಡುಕಿದರೆ ಮತ್ತೆ ಆರ್ಲ್‌ನ ಆ ಚಳಿಗಾಲಕ್ಕೇ ಹೋಗಬೇಕು. 350ರ ಜನವರಿಯಲ್ಲಿ ಗಾಲ್‌ನ ಒತುನ್‌ನಲ್ಲಿ ಮ್ಯಾಗ್ನೆಂಟಿಯಸ್ ಎಂಬ ಸೇನಾಧಿಕಾರಿ ದಂಗೆಯೆದ್ದು ತಾನೇ ಚಕ್ರವರ್ತಿಯೆಂದ. ಕಾನ್‌ಸ್ಟಾಂಟಿಯಸ್‌ನ ತಮ್ಮ ಕಾನ್‌ಸ್ಟನ್ಸ್ ಕೊಲೆಯಾದ. ಬ್ರಿಟನ್ ಮ್ಯಾಗ್ನೆಂಟಿಯಸ್ ಕಡೆ ಹೋಯಿತು. 351ರ ಸೆಪ್ಟೆಂಬರ್‌ನಲ್ಲಿ ಇವತ್ತಿನ ಕ್ರೊವೇಷಿಯಾದ ಮುರ್ಸಾದಲ್ಲಿ ಘೋರ ಯುದ್ಧ, ಎರಡೂ ಕಡೆ ರೋಮನ್ ಸೈನಿಕರೇ ಸತ್ತದ್ದು. 353ರ ಆಗಸ್ಟ್‌ನಲ್ಲಿ ಮ್ಯಾಗ್ನೆಂಟಿಯಸ್ ತನ್ನ ಕತ್ತಿಗೆ ತಾನೇ ಬಿದ್ದ. ಗೆದ್ದ ಕಾನ್‌ಸ್ಟಾಂಟಿಯಸ್ ಆರ್ಲ್‌ನಲ್ಲಿ ಸಂಭ್ರಮಿಸುತ್ತಲೇ ಪಾಲಸ್ ಎಂಬ ಅಧಿಕಾರಿಯನ್ನು ಬ್ರಿಟನ್‌ಗೆ ಕಳಿಸಿದ, ದಂಗೆಕೋರನ ಪರವಿದ್ದವರನ್ನು ಹಿಡಿದು ತರಲು. ಜನರನ್ನು ಸುಳ್ಳು ಆಪಾದನೆಗಳ ಕೊಂಡಿಯಲ್ಲಿ ಒಬ್ಬರಿಗೊಬ್ಬರನ್ನು ಬೆಸೆಯುತ್ತಿದ್ದುದರಿಂದ ಅವನಿಗೆ ಕಟೇನಾ, ಅಂದರೆ ಸರಪಳಿ ಎಂದೇ ಅಡ್ಡಹೆಸರು. ಬ್ರಿಟನ್‌ನ ಆಡಳಿತ ನೋಡುತ್ತಿದ್ದ ಮಾರ್ಟಿನಸ್ ಇದನ್ನು ಸಹಿಸಲಾರದೆ ಕತ್ತಿ ಹಿಡಿದು ಪಾಲಸ್ ಮೇಲೆ ಬಿದ್ದ. ಗುರಿ ತಪ್ಪಿತು. ಅದೇ ಕತ್ತಿಯನ್ನು ತನ್ನ ಪಕ್ಕೆಗೆ ತಿವಿದುಕೊಂಡ. ಇಷ್ಟನ್ನೂ ಬರೆದಿಟ್ಟವನು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲ್ಲಿನಸ್.

ಸೋತವನ ನಾಣ್ಯ ಚಲಾವಣೆಯಿಂದ ಹೋಯಿತು. ಲಂಡನ್ ಟಂಕಸಾಲೆ 325ರಲ್ಲೇ ಮುಚ್ಚಿತ್ತು. ಹೊಸ ಚಿಲ್ಲರೆ ಟ್ರಿಯರ್, ಲಿಯಾನ್, ಆರ್ಲ್‌ಗಳಿಂದ ಸಮುದ್ರ ದಾಟಿ ಬರಬೇಕು, ಸಾಕಷ್ಟು ಬರಲಿಲ್ಲ. ಸಂತೆ ನಿಲ್ಲುವುದಿಲ್ಲವಲ್ಲ. ಯಾರೋ ಕೈಗೆ ಸಿಕ್ಕ ತಾಮ್ರ ಕಡಿದು, ತಮಗೆ ನೆನಪಿದ್ದಷ್ಟು ಚಿತ್ರವನ್ನು ಕಬ್ಬಿಣದಲ್ಲಿ ಕೊರೆದು, ಸುತ್ತಿಗೆಯಲ್ಲಿ ಹೊಡೆದರು. ಆ ಕೊರೆದವನಿಗೆ ಓದು ಬರುತ್ತಿರಲಿಲ್ಲ ಎಂದು ನನ್ನ ಊಹೆ. ಅಕ್ಷರ ಅವನಿಗೆ ಆಕಾರ ಮಾತ್ರ. ಆದರೂ ‘ನಮ್ಮ ಒಡೆಯ’ ಎಂಬ ಎರಡಕ್ಷರವನ್ನು ಅವನು ಸರಿಯಾಗಿಯೇ ಕೆತ್ತಿದ್ದಾನೆ. ಅಷ್ಟಿಲ್ಲದಿದ್ದರೆ ಸಂತೆಯಲ್ಲಿ ಯಾರೂ ತೆಗೆದುಕೊಳ್ಳುತ್ತಿರಲಿಲ್ಲವೇನೋ.

ಬಹಳ ಜನ ಸಂಗ್ರಾಹಕರು ಇಂಥದನ್ನು ‘ಅನಾಗರಿಕ ನಕಲು’ ಎಂದು ಪಕ್ಕಕ್ಕಿಡುತ್ತಾರೆ. ನನಗೆ ಈ ಒಂಬತ್ತರಲ್ಲಿ ಇದೇ ದೊಡ್ಡದು. ನಾಲ್ಕನೆಯದು ಅರಮನೆ ಹೇಳಿದ ಮಾತು. ಏಳನೆಯದು ಆ ಮಾತನ್ನು ಕೇಳಿಸಿಕೊಂಡ, ಅದರ ನೋವನ್ನೂ ಉಂಡ ಒಂದು ನಾಡಿನವರು ತಮ್ಮ ಕೈಯಾರೆ ಮತ್ತೆ ಬರೆದದ್ದು.

ಹೆಸರು ಒಬ್ಬನದು, ಕೈ ಇನ್ನೊಬ್ಬರದು ಎಂಬುದು ಅಧಿಕೃತ ನಾಣ್ಯಗಳಲ್ಲೂ ನಡೆದಿದೆ. 350ರಲ್ಲಿ ಡ್ಯಾನ್ಯೂಬ್ ಗಡಿಯ ಸೇನಾಪತಿ ವೆಟ್ರಾನಿಯೋ ತಾನೂ ಚಕ್ರವರ್ತಿ ಎಂದುಕೊಂಡು ಹತ್ತು ತಿಂಗಳು ಇದ್ದ. ಅವನ ಕೈಯಲ್ಲಿದ್ದ ಸಿಸಿಯಾ ಟಂಕಸಾಲೆ ಅವನ ಹೆಸರಲ್ಲೂ ಕಾನ್‌ಸ್ಟಾಂಟಿಯಸ್ ಹೆಸರಲ್ಲೂ ಒಟ್ಟಿಗೇ ನಾಣ್ಯ ಹೊಡೆಯಿತು, ‘ಈ ಚಿಹ್ನೆಯಿಂದ ನೀನು ಗೆಲ್ಲುವೆ’ ಎಂಬ ಬರಹದೊಂದಿಗೆ. ಆ ಡಿಸೆಂಬರ್‌ನಲ್ಲಿ ಕಾನ್‌ಸ್ಟಾಂಟಿಯಸ್ ಸೈನಿಕರ ಮುಂದೆ ಭಾಷಣ ಮಾಡಿಯೇ ಅವನನ್ನು ಪಟ್ಟದಿಂದ ಇಳಿಸಿದ.

ನಮ್ಮ ಕಡೆಗೂ ಈ ನಕಲಿನ ದಾರಿ ಬಂದಿದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ರೋಮನ್ ಮತ್ತು ಬೈಜಾಂಟಿಯನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ದೊರೆತ ಇಂಥ ಚಿನ್ನದಲ್ಲಿ ಇಲ್ಲಿನವರೇ ಮಾಡಿದ ಅನುಕರಣೆಗಳೂ ಇವೆ. ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲುಗಡೆ ಜೋಡಿ ತೂತು, ಕೊರಳಿಗೆ ಪೋಣಿಸಲು. ಅಕ್ಷರ ಓದಲು ಬಾರದಿದ್ದರೂ ಆಕಾರವನ್ನು ಭಕ್ತಿಯಿಂದ ಅನುಸರಿಸಿದ ಕೈ ಅಲ್ಲೂ ಕಾಣುತ್ತದೆ. ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಊರಲ್ಲಿ ಹೊಲ ಉಳುವಾಗ ಹಳೆಯ ನಾಣ್ಯ ಸಿಕ್ಕರೆ ದಯವಿಟ್ಟು ಈ ಬರಹ ನೋಡಿಕೊಂಡು ಶುಚಿ ಮಾಡಲು ಹೋಗಬೇಡಿ. ಮಣ್ಣು ಸಮೇತ ಹಾಗೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ನಿಧಿಯ ಕಾನೂನು ಇರುವುದೇ ಹಾಗೆ. ಹೆಂಟೆಯಲ್ಲಿ ಯಾವ ನಾಣ್ಯದ ಪಕ್ಕ ಯಾವುದಿತ್ತು ಎಂಬುದೂ ಇತಿಹಾಸವೇ.

ಮುಖದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 357ರಲ್ಲಿ ಕಾನ್‌ಸ್ಟಾಂಟಿಯಸ್ ಮೊದಲ ಬಾರಿ ರೋಮ್ ನಗರಕ್ಕೆ ಬಂದಾಗ ರಥದಲ್ಲಿ ವಿಗ್ರಹದ ಹಾಗೆ ಕೂತಿದ್ದನಂತೆ. ಅತ್ತ ಇತ್ತ ನೋಡಲಿಲ್ಲ, ಉಗುಳಲಿಲ್ಲ, ಮೂಗು ಒರೆಸಿಕೊಳ್ಳಲಿಲ್ಲ, ಗಿಡ್ಡ ಆಳಾಗಿದ್ದರೂ ಎತ್ತರದ ಬಾಗಿಲುಗಳ ಕೆಳಗೆ ತಲೆ ಬಗ್ಗಿಸಿದ. ಇದೂ ಅಮ್ಮಿಯಾನಸ್ ಹೇಳಿದ್ದೇ. ನಾಲ್ಕನೇ ನಾಣ್ಯದಲ್ಲಿ ಆ ವಿಗ್ರಹದ ಮುಖವೇ ಇದೆ, ದೂರ ನೆಟ್ಟ ಕಣ್ಣು, ಬಿಗಿದ ತುಟಿ. ಏಳನೆಯದರಲ್ಲಿ ನಕಲು ಮಾಡಿದವನು ಬೇರೆಲ್ಲ ಬಿಟ್ಟು ಆ ಕಣ್ಣೊಂದನ್ನೇ ದೊಡ್ಡದು ಮಾಡಿಟ್ಟಿದ್ದಾನೆ. ಎರಡನ್ನೂ ಒಂದೇ ದೀಪದಡಿ ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡಿದೆ.

ಕೊನೆಯ ಕೆಲಸ ಮೇಣ. ಮೂರು, ನಾಲ್ಕು, ಏಳನ್ನು ಅಸಿಟೋನ್‌ನಲ್ಲಿ ಅದ್ದಿ, ಟೇಬಲ್ ಲ್ಯಾಂಪ್‌ನ ಕಾವಿನಲ್ಲಿ ಒಂದು ಗಂಟೆ ಒಣಗಿಸಿದೆ. ಕೈಗೆ ಬೆಚ್ಚಗಿರುವಾಗಲೇ ರೆನೆಸಾನ್ಸ್ ವ್ಯಾಕ್ಸ್ ಅನ್ನು ಮೆತ್ತನೆ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ ಮೇಣ ಅದು, ಗಡ್ಡೆಗಟ್ಟಲು ಬಿಡಬಾರದು. ಅಕ್ಷರದ ಸಂದಿಯಲ್ಲಿ ನಿಂತರೆ ಬೆಳ್ಳಗೆ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಉಜ್ಜಿದೆ. ಮಬ್ಬಾಗಿದ್ದ ಹಸಿರು ಕಪ್ಪುಗೂಡಿ ಎದ್ದು ಬಂತು, ಕುದುರೆಯ ನಾಲ್ಕು ಕಡ್ಡಿ ಕಾಲುಗಳೂ. ಈಗ ಮೂರೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿವೆ, ಒಳಗಿನ ತೇವ 35 ಶೇಕಡಾ ತೋರಿಸುತ್ತಿದೆ. 40 ದಾಟಿದರೆ ಜೆಲ್ ಬದಲಾಯಿಸಬೇಕು.

ಚೀಟಿ ಬರೆಯುವಾಗ ಏಳನೆಯದರ ಹತ್ತಿರ ಸ್ವಲ್ಪ ತಡವಾಯಿತು. ಮೊದಲು ‘ಎರಡನೇ ಕಾನ್‌ಸ್ಟಾಂಟಿಯಸ್’ ಎಂದು ಬರೆದು ಹೊಡೆದು ಹಾಕಿದೆ. ಈಗ ಅದರಲ್ಲಿ ಹೀಗಿದೆ: ‘ಕಾನ್‌ಸ್ಟಾಂಟಿಯಸ್ ಹೆಸರಿನಲ್ಲಿ. ಬೀಳುತ್ತಿರುವ ಸವಾರ, ಸ್ಥಳೀಯ ನಕಲು, 353ರ ನಂತರ. 13 ಮಿಮೀ, 1.24 ಗ್ರಾಂ, ಎರಡು ಗಂಟೆಯ ದಿಕ್ಕು. ಕಂಚಿನ ರೋಗಕ್ಕೆ ಎರಡು ಸಲ ಚಿಕಿತ್ಸೆ, ಜೂನ್‌ನಲ್ಲಿ ಮತ್ತೆ ನೋಡುವುದು.’

ಎಂಟು ಮತ್ತು ಒಂಬತ್ತು ಇನ್ನೂ ನೀರಿನಲ್ಲೇ ಇವೆ. ಇವತ್ತು ಬೆಳಿಗ್ಗೆ ಬದಲಾಯಿಸಿದೆ. ಎಂಟು 6 ತೋರಿಸಿತು, ಒಂಬತ್ತು 11.